ಬಚ್ಚಲುಮನೆಯಲ್ಲಿ ಟಿವಿ

ಅತ್ತೆ ಅಳಿಯ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಒಂದೇ ಮನೆ, ಒಂದೇ ಊಟದ ಮೇಜು, ಒಂದೇ ಟಿವಿ. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಬೇಕಾದರೆ ಮಧ್ಯೆ ಮಗಳು ಇರಲೇಬೇಕು. "ಫ್ಯಾನ್ ಸ್ವಲ್ಪ ಕಮ್ಮಿ ಮಾಡೋಕೆ ನಿಮ್ಮಮ್ಮನಿಗೆ ಹೇಳು" ಎಂದು ಇವನು ಹೆಂಡತಿಗೆ ಹೇಳುತ್ತಿದ್ದ. ಕೈಯಳತೆ ದೂರದಲ್ಲಿ ಕೂತ ಅತ್ತೆ, ಮಗಳು ಅದನ್ನೇ ಮತ್ತೊಮ್ಮೆ ಹೇಳುವ ತನಕ ಕಿವಿ ಕೇಳದವರ ಹಾಗೆ ಗೋಡೆ ನೋಡುತ್ತಿದ್ದರು. ಪಾಪ, ಅವಳು ಹಗಲೆಲ್ಲ ಅಂಚೆ ಕಚೇರಿಯಲ್ಲಿ ಊರವರ ಕಾಗದ ವಿಂಗಡಿಸಿ, ಸಂಜೆ ಮನೆಗೆ ಬಂದು ಇವರಿಬ್ಬರ ಮಾತು ಬಟವಾಡೆ ಮಾಡುತ್ತಿದ್ದಳು.

ಜಗಳಕ್ಕೆ ಕಾರಣ ಒಂದು ಕನ್ನಡಕ. ಅಳಿಯನದು ಕನ್ನಡಕದಂಗಡಿ. ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ಅತ್ತೆ ನಿವೃತ್ತರಾದ ವರ್ಷ ಅಳಿಯ ಪ್ರೀತಿಯಿಂದಲೇ ಹತ್ತಿರಕ್ಕೂ ದೂರಕ್ಕೂ ಆಗುವಂಥ ಕನ್ನಡಕ ಮಾಡಿಕೊಟ್ಟ. ಓಡುವ ಬಸ್ಸಿನಲ್ಲೂ ಒಮ್ಮೆಯೂ ಎಡವದ ಹೆಂಗಸು ಅದನ್ನು ಹಾಕಿಕೊಂಡು ಸ್ವಂತ ಮನೆಯ ಮೆಟ್ಟಿಲಲ್ಲಿ ಉರುಳಿದರು. ನೆಂಟರೆಲ್ಲ ನೋಡಲು ಬಂದಿದ್ದಾಗ ಅತ್ತೆ, "ಆ ಮನುಷ್ಯ ಕೊಟ್ಟಿದ್ದು ಕನ್ನಡಕ ಅಲ್ಲ, ಗುಂಡಿ" ಎಂದರು. ಇವನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಕನ್ನಡಕ ಸರಿಯಾಗೇ ಇದೆ. ಮೂಗಿನ ತುದಿಗೆ ನೇತುಹಾಕ್ಕೊಂಡ್ರೆ ನಾನೇನು ಮಾಡ್ಲಿ?" ಎಂದುಬಿಟ್ಟ. ಅಲ್ಲಿಗೆ ಮಾತು ನಿಂತಿತು.

ಹೀಗಿರುವಾಗ ಹೆಂಡತಿ ಟಿವಿಯ ಕ್ವಿಜ್ ಕಾರ್ಯಕ್ರಮಕ್ಕೆ ಆಯ್ಕೆಯಾದಳು. ಅದು ನೇರ ಪ್ರಸಾರ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಇಬ್ಬರಿಗೂ ಒಟ್ಟಿಗೇ ತಾಕೀತು ಮಾಡಿದಳು: "ಇವತ್ತು ಸಂಜೆ ಇಬ್ಬರೂ ಕೂತು ನೋಡ್ಬೇಕು. ನಾನು ಬಂದು ಒಂದೊಂದೂ ಕೇಳ್ತೀನಿ. ನೋಡಿಲ್ಲ ಅಂದ್ರೆ ಇನ್ಮೇಲೆ ಇಬ್ಬರ ಮಾತೂ ನಾನು ಹೊರಲ್ಲ."

ಸರಿ, ಸಂಜೆಯಾಯಿತು. ಟಿವಿ ಹಾಕಿದರೆ ಹೆಂಗಸೊಬ್ಬಳ ಅರ್ಧ ಮುಖ ಮೂಡಿ, ಚೌಕ ಚೌಕವಾಗಿ ಒಡೆದು, "ಸಿಗ್ನಲ್ ಇಲ್ಲ" ಎಂಬ ನೀಲಿ ಪರದೆ ಬಂತು.

ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದರು. ಗೋಡೆಯ ಮೇಲಿದ್ದ ಡಿಶ್‌ಗಳನ್ನೆಲ್ಲ ಬಿಚ್ಚಿಟ್ಟಿದ್ದರಿಂದ ಹದಿನೈದು ದಿನದ ಮಟ್ಟಿಗೆ ಇರಲಿ ಎಂದು ಅವನು ಒಂದು ಒಳಾಂಗಣ ಆಂಟೆನಾ ತಂದಿದ್ದ. ನೋಡಲು ಕರಿ ರಟ್ಟಿನ ಹಾಗೆ ಚಪ್ಪಟೆ, ಒಂದು ಮೋಟು ಕೇಬಲ್, ಸಿಗ್ನಲ್ ಎತ್ತಿಕೊಡಲು ಬೆಂಕಿಪೊಟ್ಟಣದಷ್ಟು ಒಂದು ಬೂಸ್ಟರ್. ನಿನ್ನೆಯವರೆಗೂ ಚೆನ್ನಾಗಿಯೇ ಬರುತ್ತಿತ್ತು.

ಅತ್ತೆ ಸೋಫಾದ ಆ ತುದಿಯಲ್ಲಿ ಕೂತು ಯಾರಿಗೂ ಅಲ್ಲ ಎಂಬಂತೆ, "ನಿನ್ನೆ ಬರ್ತಿತ್ತು. ಇವತ್ತು ಯಾರೋ ಕೈ ಆಡಿಸಿರ್ಬೇಕು" ಎಂದರು.

ಅವನು ಗಡಿಯಾರಕ್ಕೆ ಹೇಳಿದ: "ಮನೇಲಿ ಹಗಲೆಲ್ಲ ಇರೋರು ಯಾರೋ, ಅವರೇ ಆಡಿಸಿರ್ಬೇಕು."

ಹೇಳುತ್ತಾ ಟಿವಿಯ ಹಿಂದೆ ಬಗ್ಗಿ ನೋಡಿದರೆ ಬೂಸ್ಟರ್ ಕಿತ್ತು ನೆಲದ ಮೇಲೆ ಬಿದ್ದಿದೆ, ಅದರ ಜಾಗದಲ್ಲಿ ಫೋನಿನ ಚಾರ್ಜರ್. ಫೋನು ಅವನದೇ. ಬೆಳಿಗ್ಗೆ ಅವನೇ ಸಿಕ್ಕಿಸಿದ್ದು. ಕೆಮ್ಮಿ, ಸದ್ದಾಗದ ಹಾಗೆ ಚಾರ್ಜರ್ ಕಿತ್ತು ಜೇಬಿಗಿಳಿಸಿದ. ಅತ್ತೆ ನೋಡಿದರು. ಅವನ ಜೇಬನ್ನೇ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಬೂಸ್ಟರ್ ಹಾಕಿದರೂ ಚಿತ್ರ ಒಡೆಯುವುದು ನಿಲ್ಲಲಿಲ್ಲ. ಕೇಬಲ್ ತಿರುಪನ್ನು ಬಿಚ್ಚಿ, ಊದಿ, ಬಿಗಿ ಮಾಡಿದ. ಆಂಟೆನಾವನ್ನು ಕಪಾಟಿನ ಮೇಲಿಟ್ಟ, ಕಿಟಕಿಗೆ ಆನಿಸಿದ, ಪರದೆಯ ಸರಳಿಗೆ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿದ. ಕೊನೆಗೆ ತಲೆ ಉಪಯೋಗಿಸಿ ರಿಮೋಟಿನಲ್ಲಿ "ಚಾನೆಲ್ ಹುಡುಕು" ಒತ್ತಿದ. ಅದು ಬಹಳ ಹೊತ್ತು ಹುಡುಕಿತು. ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಹುಡುಕಿಸಿದರೆ ಇನ್ನೇನಾಗುತ್ತದೆ? ಒಂದೂ ಸಿಗಲಿಲ್ಲವೆಂದು ಹೇಳಿ, ಮೊದಲು ಇದ್ದ ಚಾನೆಲ್‌ಗಳನ್ನೂ ಅಳಿಸಿ ಹಾಕಿತು.

"ಭೇಷ್!" ಎಂದರು ಅತ್ತೆ, ಸೂರು ನೋಡುತ್ತಾ.

ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಕಿಟಕಿಯಾಚೆ ನೋಡಿದ. ಬಣ್ಣದವರು ಕಟ್ಟಡದ ಮುಂಭಾಗಕ್ಕೆಲ್ಲ ಕಬ್ಬಿಣದ ಕೊಳವೆ ನಿಲ್ಲಿಸಿ ಹಲಗೆ ಹಾಸಿ, ಮೇಲಿಂದ ಕೆಳಗೆ ತಂತಿಬಲೆ ಇಳಿಬಿಟ್ಟಿದ್ದರು. ನಿನ್ನೆ ಈ ಬಲೆ ಪಕ್ಕದ ಮನೆಯವರೆಗೆ ಮಾತ್ರ ಇತ್ತು.

"ಪಂಜರದೊಳಗೆ ಕೂತಿದೀವಿ. ಇಷ್ಟು ಕಬ್ಬಿಣ ದಾಟಿ ಸಿಗ್ನಲ್ ಎಲ್ಲಿಂದ ಬರುತ್ತೆ?" ಎಂದು ಕಿಟಕಿಗೆ ವರದಿ ಒಪ್ಪಿಸಿದ.

"ಹಿಂದುಗಡೆ ಬಣ್ಣ ಇನ್ನೂ ಶುರುವಾಗಿಲ್ಲ" ಎಂದು ಅತ್ತೆ ಸೋಫಾಕ್ಕೆ ತಿಳಿಸಿದರು.

ಹಿಂದುಗಡೆ ಇದ್ದದ್ದು ಒಂದೇ ಕಿಟಕಿ. ಅದು ಬಚ್ಚಲುಮನೆಯದು, ಮೇಲೆ, ಅಂಗೈಯಗಲದ್ದು. ಆಂಟೆನಾದ ಕೇಬಲ್ ಅಲ್ಲಿಂದ ಹಾಲಿಗೆ ಖಂಡಿತ ಮುಟ್ಟುವಂತಿರಲಿಲ್ಲ. ಆಂಟೆನಾ ಟಿವಿಯ ಬಳಿ ಇರಲಾರದು ಎಂದ ಮೇಲೆ ಟಿವಿಯೇ ಆಂಟೆನಾದ ಬಳಿ ಹೋಗಬೇಕು. ಅವನು ಟಿವಿಯ ಒಂದು ಬದಿ ಹಿಡಿದ. ಹಿಡಿದು ನಿಂತ. ಇನ್ನೊಂದು ಬದಿ ಹಿಡಿಯುವವರು ಯಾರು? ಕೇಳಲು ಬಾಯಿಲ್ಲ. ಅತ್ತೆ ಒಂದು ಕ್ಷಣ ಅವನ ಪಾಡು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದು ಹಿಡಿದರು.

ಅವನು ಹಿಂದು ಹಿಂದಾಗಿ ನಡೆಯಬೇಕಿತ್ತು. ಅತ್ತೆಯ ಗಂಟಲಿನಿಂದ ಹಳೆಯ ದನಿ ತಾನಾಗಿಯೇ ಹೊರಟಿತು:

"ಬರ್ಲಿ, ಬರ್ಲಿ, ಬರ್ಲಿ... ರೈಟ್‌ಗೆ ಬರ್ಲಿ... ಹೋಲ್ಡಾನ್!"

ಬಾಗಿಲ ಚೌಕಟ್ಟಿಗೆ ಕೂದಲೆಳೆಯಷ್ಟು ಉಳಿದಿತ್ತು. ಅವನು ನಿಂತ. ಇದು ತನ್ನೊಡನೆ ಆಡಿದ ಮಾತೋ, ಬಸ್ಸಿಗೆ ಆಡಿದ್ದೋ ಎಂದು ಯೋಚಿಸಿದ. ಬಸ್ಸಿಗೇ ಎಂದು ತೀರ್ಮಾನಿಸಿದ ಮೇಲೆ ಅವನಿಗೆ ಹಿಂದೆ ಸರಿಯಲು ಸಂಕೋಚವಾಗಲಿಲ್ಲ.

ಟಿವಿ ವಾಷಿಂಗ್ ಮೆಷಿನ್ನಿನ ಮೇಲೆ ಕೂತಿತು. ಅತ್ತೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ಅವನು ಕಮೋಡಿನ ಮುಚ್ಚಳದ ಮೇಲೆ ನಿಂತು ಆಂಟೆನಾವನ್ನು ಕಿಟಕಿಗೆ ಹಿಡಿದ. ಮತ್ತೆ ಚಾನೆಲ್ ಹುಡುಕಿಸಿದರೆ, ಅಬ್ಬಾ, ಒಂದಾದ ಮೇಲೊಂದು ಬಂದು ಬಿದ್ದವು!

"ಈಗ ಹೇಗಿದೆ?" ಆಂಟೆನಾವನ್ನು ತುಸು ಓರೆ ಮಾಡಿದ. "ಇದು ಚೆನ್ನಾಗಿದೆಯಾ, ಮೊದಲಿಂದಾ?" ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತಾ ಕೇಳುವ ಮಾತು ಅದು, ಬಾಯಿಗೆ ಅಭ್ಯಾಸ.

"ಮೊದಲಿಂದೇ. ಸ್ವಲ್ಪ ಎಡಕ್ಕೆ ಬರ್ಲಿ... ಇನ್ನೂ ಬರ್ಲಿ... ಹೋಲ್ಡಾನ್! ಅಲುಗಾಡೋ ಹಾಗಿಲ್ಲ."

ಅಲುಗಾಡಲಿಲ್ಲ. ಕತ್ತು ಹೊರಳಿಸಿ ನೋಡಿದರೆ ಹೆಂಡತಿ ಹಸಿರು ಸೀರೆಯಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತಿದ್ದಾಳೆ. ಎಷ್ಟು ಸ್ಪಷ್ಟ ಎಂದರೆ ಅವಳು ಗಾಬರಿಯಾದಾಗ ಕಿವಿಯೋಲೆ ಮುಟ್ಟಿಕೊಳ್ಳುವುದೂ ಕಾಣುತ್ತಿತ್ತು.

"ಮನೇಲಿ ಯಾರು ಯಾರು ನೋಡ್ತಿದಾರೆ?" ಎಂದು ನಿರೂಪಕ ಕೇಳುತ್ತಿದ್ದ.

"ನಮ್ಮೆಜಮಾನ್ರು, ನಮ್ಮಮ್ಮ" ಎಂದಳು. ಗಾಬರಿಯಲ್ಲಿ ನಾಲಿಗೆಗೆ ಕಡಿವಾಣವಿರಲಿಲ್ಲವೇನೋ, "ಇಬ್ಬರೂ ಮಾತಾಡಲ್ಲ ಸರ್. ಒಂದು ಕನ್ನಡಕದ ವಿಷಯಕ್ಕೆ" ಎಂದು ಸೇರಿಸಿದಳು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

ಬಚ್ಚಲುಮನೆಯಲ್ಲಿ ಯಾರೂ ನಗಲಿಲ್ಲ. ಅತ್ತೆ ನಲ್ಲಿ ನೋಡಿದರು, ಅಳಿಯ ಕಿಟಕಿ ನೋಡಿದ. ಮಾನ ಹರಾಜಾದದ್ದು ಇಬ್ಬರದೂ ಒಟ್ಟಿಗೇ ಆದ್ದರಿಂದ ಯಾರನ್ನು ಯಾರು ಬೈಯುವುದು?

ಮೊದಲೆರಡು ಪ್ರಶ್ನೆಗಳನ್ನು ಅವಳು ಸಲೀಸಾಗಿ ದಾಟಿದಳು. ಮೂರನೆಯದು ಬಂತು. ಆಕ್ಟೋಪಸ್‌ಗೆ ಎಷ್ಟು ಹೃದಯ? ಒಂದೇ, ಎರಡೇ, ಮೂರೇ? ಅವಳು ಕಿವಿಯೋಲೆ ಮುಟ್ಟಿಕೊಂಡಳು. ಮನೆಗೆ ಅರ್ಧ ನಿಮಿಷ ಫೋನ್ ಮಾಡುವ ಅವಕಾಶವಿತ್ತು; ಮನೆಯವರನ್ನು ಕೇಳುತ್ತೇನೆ ಎಂದಳು. ಅವಳು ಹಾಗೆನ್ನುವುದು ಪರದೆಯಲ್ಲಿ ಮೂಡುವ ಮೊದಲೇ ಅತ್ತೆಯ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು. ಟಿವಿ ನಿಜಕ್ಕಿಂತ ನಾಲ್ಕು ಉಸಿರು ಹಿಂದೆ ಓಡುತ್ತಿತ್ತು.

ಅತ್ತೆ ದಡಬಡಿಸಿ ಎದ್ದು ನಿಂತರು. ಎದ್ದವರು ಆಂಟೆನಾಕ್ಕೆ ತೀರಾ ಹತ್ತಿರ ಬಂದರು. ಪರದೆ ಒಡೆಯಿತು, ಹೆಂಡತಿಯ ಮೂಗು ಒಂದು ಕಡೆ, ಸೀರೆ ಒಂದು ಕಡೆ.

"ಹಲೋ, ಏನಮ್ಮಾ? ಆಕ್ಟೋ... ಯಾವ ಪಸ್ಸು?" ಅತ್ತೆ ಫೋನಿನಲ್ಲಿ ಕೂಗುತ್ತಿದ್ದರು.

ಅವನಿಗೆ ಹೆಂಡತಿಯ ಮುಖವೇ ಹೋಯಿತೆಂಬ ಗಾಬರಿಯಲ್ಲಿ ಗಡಿಯಾರ, ಗೋಡೆ, ಕಿಟಕಿ ಎಲ್ಲ ಮರೆತುಹೋದವು. "ಅತ್ತೇ! ಎರಡು! ಎರಡು ಹೆಜ್ಜೆ..." ಎಂದು ಕಿರುಚಿದ. ಹಿಂದೆ ಸರಿಯಿರಿ ಎಂಬುದು ಬಾಯಿಗೆ ಬರುವ ಮೊದಲೇ ಸಮಯ ಮುಗಿದು ಫೋನು ಕಟ್ಟಾಯಿತು.

ಅತ್ತೆ ಹಿಂದೆ ಸರಿದರು. ಚಿತ್ರ ಕೂಡಿಕೊಂಡಿತು. ನಾಲ್ಕು ಉಸಿರು ಹಿಂದಿನ ಅವನದೇ ದನಿ ಟಿವಿಯೊಳಗಿಂದ "ಅತ್ತೇ! ಎರಡು!" ಎಂದು ಅರಚಿತು. ಹೆಂಡತಿ ಕ್ಷಣ ಹೊತ್ತು ಕಲ್ಲಾಗಿ ಕೂತಳು.

"ಬೇಡ, ಬೇಡ, ಅದಲ್ಲ!" ಎಂದು ಅವನು ಟಿವಿಗೆ ಕೈ ಬೀಸಿದ. ಕೈಯಲ್ಲಿದ್ದದ್ದು ಆಂಟೆನಾ. ಪರದೆ ಮತ್ತೆ ನೀಲಿಯಾಯಿತು.

"ಅಯ್ಯೋ, ನಿಮಗೆ ಬುದ್ಧಿ ಇದೆಯೇನ್ರೀ?" ಎಂದರು ಅತ್ತೆ. ಈ ಸಲ ಸೂರಿಗಲ್ಲ, ನೇರ ಅವನ ಮುಖಕ್ಕೆ. "ಗಟ್ಟಿಯಾಗಿ ಹಿಡ್ಕೊಳ್ರೀ ಅದನ್ನ!"

"ನೀವು ಕೂತಲ್ಲೇ ಮಾತಾಡಬಾರದಿತ್ತಾ? ಎದ್ದು ನಿಂತ್ರೆ ಮಾತ್ರ ಕೇಳ್ಸುತ್ತಾ ಫೋನು?"

"ನಾನು ಕೂತು ಕೆಲಸ ಮಾಡ್ದೋಳಲ್ಲ!"

"ಹಾಗಾದ್ರೆ ಎರಡು ಹೆಜ್ಜೆ ಆ ಕಡೆ ನಿಂತ್ಕೊಳ್ಳಿ!"

ಚಿತ್ರ ಮರಳಿದಾಗ ಅಲ್ಲಿ ಸಾಬೂನಿನ ಜಾಹೀರಾತು ಬರುತ್ತಿತ್ತು. ಅದು ಮುಗಿದರೆ ಎತ್ತರದ ಕುರ್ಚಿಯ ಮೇಲೆ ಬೇರೆ ಯಾರೋ ಗಡ್ಡದವನು. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಸೋತ್ಳು ಅನ್ಸುತ್ತೆ" ಎಂದರು ಅತ್ತೆ, ದನಿ ಇಳಿಸಿ.

"ನನ್ನಿಂದಲೇ, ಅತ್ತೆ."

"ನಿಮ್ಮೊಬ್ಬರಿಂದ ಯಾಕೆ? ನಾನೂ ಎದ್ದು ನಿಂತೆನಲ್ಲ."

ಆ ಹೊತ್ತಿಗೆ ಕಿಟಕಿಯಾಚೆಯ ನೀರಿನ ಪೈಪುಗಳ ಸಂದಿನಿಂದ ಮೇಲಿನ ಮನೆಯಾಕೆಯ ದನಿ ಇಳಿದು ಬಂತು. ಬಚ್ಚಲುಮನೆಯಲ್ಲಿ ಆಡಿದ್ದೆಲ್ಲ ಅಲ್ಲಿಗೆ ಮೊದಲಿನಿಂದಲೂ ಕೇಳಿಸುತ್ತಿತ್ತಂತೆ. "ನೀವು ನೋಡ್ಲಿಲ್ವಾ? ನಮ್ಮ ಕೇಬಲ್‌ನಲ್ಲಿ ಬಂತು. ಎರಡು ಅಂದು ಸೋತ್ಳು. ಮೂರಂತೆ. ಆದ್ರೆ ಸೋತು ನಗ್ತಿದ್ಳು ಕಣ್ರೀ! ಯಾಕಮ್ಮಾ ನಗ್ತೀಯ ಅಂತ ಕೇಳಿದ್ರೆ, ಅವರು ನಮ್ಮಮ್ಮನ್ನ ಅತ್ತೆ ಅಂತ ಕರೆದ್ರು ಸರ್, ನಾಲ್ಕು ವರ್ಷ ಆಗಿತ್ತು ಅಂತ ಕಣ್ಣೊರೆಸ್ಕೊಂಡ್ಳು. ಜನ ಎಲ್ಲ ಚಪ್ಪಾಳೆ ಹೊಡೆದ್ರು."

ಅವನು ಆಂಟೆನಾ ಹಿಡಿದುಕೊಂಡೇ ಕಮೋಡಿನಿಂದ ಇಳಿದ. ಅತ್ತೆ ಬಕೆಟ್ಟನ್ನು ನೆಟ್ಟಗೆ ಮಾಡಿ, "ಕಾಫಿ ಕುಡೀತೀರಾ?" ಎಂದರು.

"ಕುಡಿತೀನಿ. ಸಕ್ಕರೆ ಕಮ್ಮಿ."

"ಗೊತ್ತು ನಂಗೆ. ದಿನಾ ಕೇಳ್ಸುತ್ತೆ."

ಮರುದಿನ ಮಧ್ಯಾಹ್ನ ಹೆಂಡತಿ ಬಂದಳು. ಚೀಲ ಇಳಿಸುವ ಮೊದಲೇ ಇಬ್ಬರೂ ಶುರು ಮಾಡಿದರು. ಚಿತ್ರ ಒಡೆಯಲು ಅಳಿಯ ಚಾನೆಲ್ ಅಳಿಸಿದ್ದೇ ಕಾರಣವೆಂದು ಅತ್ತೆ. ಅದಲ್ಲ, ಅತ್ತೆ ಎದ್ದು ನಿಂತದ್ದೇ ಕಾರಣವೆಂದು ಅವನು. ಆಂಟೆನಾವನ್ನು ಕಿಟಕಿಗೆ ಅಂಟಿಸಿಬಿಡಬೇಕಿತ್ತೆಂದು ಅತ್ತೆ, ಅಂಟು ಒದ್ದೆ ಗೋಡೆಗೆ ಹಿಡಿಯುವುದಿಲ್ಲವೆಂದು ಅವನು. ಅವಳು ಹಳೆಯ ರೂಢಿಯಲ್ಲಿ ಗಂಡನ ಕಡೆಯಿಂದ ಅಮ್ಮನ ಕಡೆಗೆ ತಿರುಗಿ, "ಅಮ್ಮಾ, ಇವರು ಏನಂತಾರೆ ಅಂದ್ರೆ..." ಎಂದಳು.

"ಸುಮ್ನಿರೇ ನೀನು. ನಾವು ಮಾತಾಡ್ತಿಲ್ವಾ?" ಎಂದರು ಅತ್ತೆ.

"ಅಲ್ವಾ ಮತ್ತೆ!" ಎಂದ ಅವನು.

ಅವಳು ಮುಖ ತೊಳೆಯಲು ಹೋದಳು. ಅಲ್ಲಿಂದ ಅವಳ ಕೂಗು ಕೇಳಿಸಿತು: "ಇದನ್ನ ಯಾರು ಇಲ್ಲಿ ತಂದಿಟ್ಟಿದ್ದು? ನಾನು ಸ್ನಾನ ಎಲ್ಲಿ ಮಾಡ್ಲಿ?"

ಇಬ್ಬರೂ ಜಗಳ ನಿಲ್ಲಿಸಿ, ಟಿವಿಯ ಎರಡು ಬದಿ ಹಿಡಿಯಲು ಓಡಿದರು.