ಎಡಕ್ಕೆ ಬಿದ್ದ ಸಿಂಗಾರ

ಹೇರೂರಿನ ಕೆರಿಯ ನಾಯ್ಕರ ಮನೆಯಲ್ಲಿ ಚೌಡಮ್ಮನನ್ನು ಕೇಳದೆ ಯಾವ ಕೆಲಸವೂ ನಡೆದದ್ದಿಲ್ಲ. ಬಾವಿಗೆ ಜಾಗ ತೋರಿಸಿದ್ದು ಅವಳು. ದೊಡ್ಮನೆ ಕಡೆಯಿಂದ ಬಂದ ಸಂಬಂಧ ಬೇಡವೆಂದವಳೂ ಅವಳೇ. ಊರ ಮೇಲಿನ ಕಾಡಿನಂಚಿನಲ್ಲಿ, ಮರದ ಬುಡದಲ್ಲಿ ಅವಳ ಕಟ್ಟೆ. ಕಪ್ಪು ಕಲ್ಲಿನ ಎರಡು ಹೆಗಲಿಗೂ ಒದ್ದೆ ಮಾಡಿದ ಅಡಿಕೆ ಸಿಂಗಾರದ ಹೂವು ಅಂಟಿಸಿ, ಪೂಜೆ ಮಾಡುವ ನಾಗಪತಿ ಮನೆಯವರ ಪರವಾಗಿ ಗಟ್ಟಿಯಾಗಿ ಕೇಳುತ್ತಾನೆ. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ; ಅದಕ್ಕೆ ಪ್ರಸಾದ ಎನ್ನುತ್ತಾರೆ. ಹೂವು ಬೀಳುವವರೆಗೆ ಕಾಯುವ ಆ ಹೊತ್ತಿದೆಯಲ್ಲ, ಅಷ್ಟು ಹೊತ್ತು ಮನುಷ್ಯ ತನ್ನ ಆಸೆಯನ್ನು ಪಕ್ಕಕ್ಕಿಟ್ಟು ಕೂರಬೇಕು. ಪೂಜೆ ಅಂದರೆ ಅದೇ. ಹೂವು ಬೀಳುವುದು ಆಮೇಲಿನ ಮಾತು.

ಕೆರಿಯ ನಾಯ್ಕರ ಮಗಳು ಕಾವ್ಯಶ್ರೀಯೂ ಹಾಗೆಂದೇ ನಂಬಿದವಳು. ಅದಕ್ಕೇ ಆ ಸೋಮವಾರ ಬೆಳಿಗ್ಗೆ, ಬಿಟ್ಟುಬಂದ ಶಾಲೆಯ ಮೆಟ್ಟಿಲನ್ನು ಹಲ್ಲು ಕಚ್ಚಿಕೊಂಡು ಮತ್ತೆ ಹತ್ತಿದಳು.

ಸಿದ್ದಾಪುರದ ಆ ಖಾಸಗಿ ಶಾಲೆಯಲ್ಲಿ ಅವಳು ಆರು ವರ್ಷ ವಿಜ್ಞಾನ ಕಲಿಸಿದ್ದಳು. ಬೇಸಿಗೆ ರಜೆ ಶುರುವಾದ ವಾರವೇ ರಾಜೀನಾಮೆ ಕೊಟ್ಟಿದ್ದಳು. ಶಿರಸಿಯ ಕಾಲೇಜಿನಲ್ಲಿ ಜೊತೆಗೆ ಓದಿದ ತಸ್ಲೀಮ್ ಈಗ ಶಿರಸಿ ಪಕ್ಕದ ಇಸಳೂರಿನ ಹೊಸ ಕಟ್ಟಡವೊಂದರ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿದ್ದಾಳೆ. ವರ್ಷವಿಡೀ ಭಾನುವಾರ ಭಾನುವಾರ ಕಾವ್ಯಶ್ರೀ ತಸ್ಲೀಮಳ ಅಪ್ಪನ ಲಾರಿ ಶೆಡ್ಡಿನ ಮೇಲಿನ ಕೋಣೆಯಲ್ಲಿ ಕೂತು ಅವಳಿಂದ ಟೆಸ್ಟಿಂಗ್ ಕೆಲಸ ಕಲಿತಿದ್ದಳು. ಬೇರೆಯವರು ಮಾಡಿಟ್ಟ ಆ್ಯಪ್ ಎಲ್ಲಿ ಕೈಕೊಡುತ್ತದೆ ಎಂದು ಒತ್ತಿ, ತಿರುಗಿಸಿ, ಕೆಣಕಿ ನೋಡುವುದು. "ಬೇರೆಯವ್ರ ಹುಳುಕು ಹುಡ್ಕಿದ್ರೆ ಸಂಬ್ಳ ಕೊಡ್ತ್ರಾ?" ಎಂದು ಅಜ್ಜಿ ಹೊನ್ನಮ್ಮ ಬಾಯಿ ಬಿಟ್ಟಿದ್ದಳು. "ಹಂಗಾರೆ ನಮ್ಮ ಕೇರಿ ಹೆಂಗಸ್ರು ಇಷ್ಟೊತ್ತಿಗೆ ಕಾರಲ್ಲಿ ತಿರುಗ್ಬೇಕಿತ್ತಲ್ಲೆ."

ಕೆಲಸ ಸಿಕ್ಕಿತ್ತು. ಆದರೆ ಶುಕ್ರವಾರ ಅವಳು ಕೊನೆಯ ಸಂದರ್ಶನಕ್ಕೆಂದು ಇಸಳೂರಿಗೆ ಹೋಗಿದ್ದಾಗ, ಅಪ್ಪ ಅಜ್ಜಿಯನ್ನು ಕರೆದುಕೊಂಡು ಚೌಡಿಕಟ್ಟೆಗೆ ಹೋಗಿದ್ದ. ಸಂಜೆ ಅವಳು ಬಸ್ಸಿಳಿದು ಬರುವಾಗ ಅಂಗಳದಲ್ಲೇ ನಿಂತಿದ್ದ. "ಇಸ್ಕೂಲಲ್ಲೇ ಇರ್ಲಾ ಅಂತ ಕೇಳ್ಸಿದೆ ಮಗಾ. ಬಲಕ್ಕೆ ಬಂತು." ಅಜ್ಜಿ ಆಗಲೇ ಒಳಗೆ ಮಲಗಿದ್ದಳು. ಕಾವ್ಯಶ್ರೀ ಮುಂದೆ ಏನೂ ಕೇಳಲಿಲ್ಲ. ಚೌಡಮ್ಮ ಹೇಳಿದ ಮೇಲೆ ಮುಗಿಯಿತು.

ಮುಖ್ಯೋಪಾಧ್ಯಾಯರು ಕುರ್ಚಿ ತೋರಿಸಲಿಲ್ಲ.

"ಬನ್ನಿ ಬನ್ನಿ, ಸಾಫ್ಟ್‌ವೇರ್ ಮೇಡಂ. ಅಮೇರಿಕಾದಿಂದ ಯಾವಾಗ ಬಂದ್ರಿ?" ಎಂದರು. ಪಕ್ಕದಲ್ಲಿದ್ದ ಇಬ್ಬರು ಶಿಕ್ಷಕರು ನಗಬೇಕೋ ಬೇಡವೋ ತಿಳಿಯದೆ ಪುಸ್ತಕ ನೋಡಿದರು. "ಇಸಳೂರಲ್ಲಂತೆ! ಇಸಳೂರಲ್ಲಿ ಎಂತ ಸಾಫ್ಟ್‌ವೇರ್ ಮಾರಾಯ್ರೆ, ನಿನ್ನೆವರೆಗೆ ಅಲ್ಲಿ ದನ ಮೇಯ್ತಿತ್ತು."

"ಸರ್, ರಾಜೀನಾಮೆ ವಾಪಸ್ ತಗೊಳ್ತೇನೆ."

"ತಗೊಳ್ಳಿ, ಬೇಡ ಅಂದ್ನಾ? ಶಾಲೆ ಅಂದ್ರೆ ತವರುಮನೆ ಇದ್ದಂಗೆ. ಹೋದವ್ರು ಬರ್ಬಹುದು, ತಲೆ ತಗ್ಗಿಸಿ ಬರ್ಬೇಕು ಅಷ್ಟೆ. ತಪ್ಪಾಯ್ತು ಅಂತ ಬರ್ಕೊಂಡು ಬನ್ನಿ. ನಾಳೆ ಹತ್ತು ಗಂಟೆಗೆ ಸಮಿತಿಯವ್ರು ಸೇರ್ತಾರೆ, ಅವರೆದುರು ಓದಿದ್ರೆ ಆಯ್ತು."

ಹೊರಗೆ ಬಂದಾಗ ಅವಳ ಕಿವಿ ಕಾದ ಕಾವಲಿಯಂತಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಬಡಿದುಕೊಂಡಿತು.

"ಕಾವ್ಯಾ, ನಾಳೆ ಹತ್ತಕ್ಕೆ ಬಂದುಬಿಡೇ. ನಿನ್ನ ಟೇಬಲ್ ನನ್ನ ಪಕ್ಕದಲ್ಲೇ ಹಾಕ್ಸಿದೀನಿ" ಎಂದಳು ತಸ್ಲೀಮ್.

"ಬರೂಕಾಗೂದಿಲ್ಲ. ಪ್ರಸಾದ ಆಗ್ಲಿಲ್ಲ."

"ಅದರ ಮೇಲೆ ನಾನೇನು ಹೇಳ್ಲಿ? ನಮ್ಮ ಅಮ್ಮೀನೂ ದುವಾ ಕೇಳ್ದೆ ಹೊಸ ಲಾರಿ ಹೊಸ್ತಿಲು ದಾಟ್ಸೋದಿಲ್ಲ. ಆದ್ರೆ ನಾಳೆ ನೀನು ಬರ್ಲಿಲ್ಲ ಅಂದ್ರೆ ಜಾಗ ಬೇರೆಯವ್ರಿಗೆ ಹೋಗತ್ತೆ ಕಣೇ. ನಾನು ಹಿಡ್ದಿಡಕ್ಕಾಗಲ್ಲ."

ಮನೆಗೆ ಬಂದು ಉಣ್ಣದೆಯೇ ಜಗಲಿಯಲ್ಲಿ ಹಾಳೆ ಹರಡಿ ಕೂತಳು. ಅಂಗಳದ ಚಾಪೆಯ ಮೇಲೆ ಹೊನ್ನಜ್ಜಿ ಹಲಸಿನ ಹಪ್ಪಳ ಮಗುಚುತ್ತಿದ್ದಳು.

"ಎಂತ ಬರಿತಿದೀಯೆ?"

"ತಪ್ಪಾಯ್ತು ಅಂತ. ಶಾಲೆಯವ್ರಿಗೆ."

"ನೀ ಎಂತ ತಪ್ಪು ಮಾಡಿದ್ಯೆ?" ಅಜ್ಜಿ ಇನ್ನೊಂದು ಹಪ್ಪಳ ಮಗುಚಿದಳು. "ತಪ್ಪಾಯ್ತು ಹೇಳೂದಾರೆ ಚೌಡಮ್ಮಂಗೆ ಹೇಳ್ಬೇಕು. ಎಡಕ್ಕೆ ಕೊಟ್ಟು, ಮತ್ತೂ ಎಡಕ್ಕೇ ಕೊಟ್ರೂ ಬಿಡದೆ ಕಾಡ್ಸಿದ್ದಕ್ಕೆ."

ಪೆನ್ನು ಹಾಳೆಯ ಮೇಲೆ ನಿಂತೇಬಿಟ್ಟಿತು. "ಎಂತ ಹೇಳ್ದೆ ಅಜ್ಜೀ?"

"ನಿಂಗೆ ಹೇಳ್ಲಿಲ್ಲನಾ ನಿನ್ನಪ್ಪ?" ಎಂದಳು ಅಜ್ಜಿ. ಆಮೇಲೆ ಆಡಿದ್ದು ಏನೆಂದು ಅವಳಿಗೇ ತಿಳಿದು, ಹಪ್ಪಳದ ಕಡೆ ಬಗ್ಗಿದಳು.

ಕೆರಿಯ ನಾಯ್ಕ ಕೊಟ್ಟಿಗೆಯಿಂದ ಬಂದಾಗ ಮಗಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅಪ್ಪಾ, ಶುಕ್ರವಾರ ಮೊದಲ್ನೇದು ಯಾವ ಬದಿ ಬಿತ್ತು?"

ಅವನು ತಾಯಿಯ ಕಡೆ ನೋಡಿದ. ತಾಯಿ ತಲೆ ಎತ್ತಲಿಲ್ಲ. "ಅದು... ಹೂವಿಗೆ ನೀರು ಹೆಚ್ಚಾಗಿತ್ತು ಮಗಾ. ಜಾರ್ತು."

"ಎರಡ್ನೇದು?"

"ಗಾಳಿ ಬೀಸ್ತು. ನಾಗಪತಿನೇ ಹೇಳ್ದ, ಇದು ಲೆಕ್ಕಕ್ಕಿಲ್ಲ, ಮತ್ತೊಂದ್ಸಲ ಅಂಟ್ಸುವ ಅಂತ."

"ಬಲಕ್ಕೆ ಬಿದ್ದಾಗ ಗಾಳಿನೂ ಇರ್ಲಿಲ್ಲ, ನೀರೂ ಹೆಚ್ಚಾಗಿರ್ಲಿಲ್ಲ. ಅಲ್ದ?"

"ದೊಡ್ಡ ದನಿ ಮಾಡ್ಬೇಡ. ಕೇರಿಯವ್ರು ಕೇಳ್ತ್ರು."

"ಕೇಳ್ಲಿ! ಅಮ್ಮ ಹೇಳಿದ್ದು ನಿಂಗೆ ಕೇಳ್ಲಿಲ್ಲ, ಕೇರಿಯವ್ರಿಗಾದ್ರೂ ಕೇಳ್ಲಿ. ಅವಳ ಹೆಸರು ಹೇಳಿ ಸುಳ್ಳು ಹೇಳ್ದೆ ನಂಗೆ. ಆ ಸುಳ್ಳು ಹೊತ್ಕೊಂಡು ಇವತ್ತು ಆ ಹೆಡ್ ಸರ್ ಎದುರು ನಿಂತು ಬಂದೆ ನಾನು."

ಕೆರಿಯ ಜಗಲಿಯ ಅಂಚಿಗೆ ಕುಸಿದು ಕೂತ. ಅವನು ಕೆಟ್ಟವನಲ್ಲ. ತನ್ನ ಆಸೆಯನ್ನು ಪಕ್ಕಕ್ಕಿಡಲಾಗದವನು, ಅಷ್ಟೆ. "ನಿಂಗೊತ್ತಿಲ್ಲ ಮಗಾ" ಎಂದ. "ನಿನ್ನಜ್ಜ ಸೊಸೈಟಿ ಮೆಟ್ಲು ಹತ್ತಿದವನಲ್ಲ, ಕೆಳಗೇ ನಿಂತು ಕೂಗ್ತಿದ್ದ. ಈಗ ನಾ ಹೋದ್ರೆ ಒಡೇರ ಮಕ್ಕಳೇ ಕುರ್ಚಿ ಎಳೀತ್ರು. ಟೀಚರಪ್ಪ ಬಂದ, ಕೂತ್ಕೊ ಅಂತ್ರು. ಕಂಪ್ಯೂಟರ್ ಒತ್ತೂಳ ಅಪ್ಪ ಅಂತ ಯಾರು ಕುರ್ಚಿ ಕೊಡ್ತ್ರು?"

"ಟೀಚರು ಅಲ್ಲಿ ಎಂತ ಮಾಡ್ತಾಳೆ ಗೊತ್ತಾ ನಿಂಗೆ?" ಕಾವ್ಯಶ್ರೀಯ ದನಿ ಈಗ ಸಣ್ಣದಾಗಿತ್ತು. ಹಾಗಾಗಿಯೇ ಹೆಚ್ಚು ಸುಡುತ್ತಿತ್ತು. "ಶಾಲೆ ಸಮಿತಿ ಅಧ್ಯಕ್ಷರ ಮಗಳ ನಿಶ್ಚಿತಾರ್ಥಕ್ಕೆ ನಮ್ಮನ್ನೆಲ್ಲ ಬಡಿಸೂಕೆ ಕರೆದ್ರು. ಆಯ್ತು, ಬಡಿಸ್ದೆ. ಪಂಕ್ತಿ ಎದ್ದ ಮೇಲೆ ಹೆಡ್ ಸರ್ ಬಂದು, ಕಾವ್ಯಶ್ರೀ, ನಿಮಗೆ ರೂಢಿ ಇರ್ತದೆ, ನೀವು ಎಲೆ ತೆಗೀರಿ ಅಂದ್ರು. ನಂಗೆ ಮಾತ್ರ ಅಂದ್ರು ಅಪ್ಪಾ. ನನ್ನ ಕ್ಲಾಸಿನ ಮಕ್ಕಳು ಕೈ ತೊಳೀತಾ ನೋಡ್ತಿದ್ವು. ಅವು ಉಂಡ ಎಲೆ."

ಚಾಪೆಯ ಮೇಲೆ ಹೊನ್ನಜ್ಜಿಯ ಕೈ ನಿಂತಿತು. ಗೇಣಿ ಕಾಲದಲ್ಲಿ ಒಡೆಯರ ಅಂಗಳದಲ್ಲಿ ಎಂಜಲೆಲೆ ತೆಗೆದವಳು ಅವಳು. ಮಗು ಕೆರಿಯ ಅವಳ ಸೀರೆಯ ಸೆರಗು ಹಿಡಿದು ಹಿಂದೆ ಹಿಂದೆಯೇ ನಡೆದದ್ದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಮಗಳನ್ನು ಓದಿಸುತ್ತೇನೆ ಎಂದು ಅವನು ಹಠ ಹಿಡಿದದ್ದು ಆ ಅಂಗಳದಿಂದಲೇ.

ಕೆರಿಯ ಮಗಳ ಕಡೆ ತಿರುಗಿ ಎಂದ: "ನಂಗೆ ಯಾಕೆ ಹೇಳ್ಲಿಲ್ಲ?"

"ನಿನ್ನ ಕುರ್ಚಿ ಹೋಗ್ತದೆ ಅಂತ."

ಅಜ್ಜಿ ಎದ್ದು ಬಂದಳು. ಮೊಮ್ಮಗಳ ಮುಂದಿದ್ದ ಅರ್ಧ ಬರೆದ ಹಾಳೆಯನ್ನು ಎತ್ತಿಕೊಂಡು, ಅದರಲ್ಲಿ ಏನಿದೆ ಎಂದೂ ಕೇಳದೆ, ಒಯ್ದು ಬಚ್ಚಲ ಒಲೆಗೆ ಹಾಕಿದಳು. ತಿರುಗಿ ಬರುವಾಗ ಅವಳ ಕೈಯಲ್ಲಿ ಸುಲಿದ ತೆಂಗಿನಕಾಯಿ ಇತ್ತು. ಅದನ್ನು ಮಗನ ಮಡಿಲಲ್ಲಿಟ್ಟಳು. "ಏಳು" ಎಂದಳು.

ಹೊತ್ತು ಮುಳುಗುವ ಮೊದಲು ಮೂವರೂ ಕಟ್ಟೆಗೆ ಹೋದರು. ಸಿಟ್ಟನ್ನು ದೇವರೆದುರು ಒಯ್ಯಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ಕಾಡಿನಂಚಿನ ಈ ತಾಯಿ ಊರಿನ ಎಲ್ಲರ ಸಿಟ್ಟನ್ನೂ ಕೇಳಿದವಳು. ಮುಚ್ಚಿಟ್ಟು ತಂದ ಭಕ್ತಿಗಿಂತ ಬಿಚ್ಚಿಟ್ಟ ಸಿಟ್ಟೇ ಅವಳಿಗೆ ಹತ್ತಿರವಿರಬಹುದು. ಯಾರು ಬಲ್ಲರು?

ನಾಗಪತಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ಮೂವರ ಮುಖ ನೋಡಿದವನೇ ಎಲ್ಲವನ್ನೂ ಊಹಿಸಿದ.

"ಅದಕ್ಕೆಂತ ತಂಗಿ, ಸಿಂಗಾರ ಇಲ್ಲೇ ಅದೆ. ನಿನ್ನ ಎದುರಿಗೇ ಮತ್ತೊಂದ್ಸಲ ಕೇಳ್ವ" ಎಂದ.

"ಬೇಡ. ಅಮ್ಮ ಹೇಳಿ ಆಗದೆ. ಮೊದಲ ಸಲವೇ ಹೇಳಿದ್ಲು."

"ಹಂಗಲ್ಲ, ಮನಸ್ಸಿಗೆ ಸಮಾಧಾನ ಆಗೂವರೆಗೆ..."

"ನಮಗೆ ಬೇಕಾದ ಉತ್ತರ ಬರೂವರೆಗೆ ಕೇಳ್ತಾ ಹೋದ್ರೆ ಅದು ಕೇಳೂದಲ್ಲ ನಾಗಪತಣ್ಣ. ತಸ್ಲೀಮ್ ನಂಗೆ ಮೊದ್ಲು ಕಲ್ಸಿದ್ದೇ ಅದನ್ನ."

ನಾಗಪತಿ ನಗಲು ನೋಡಿದ. "ಅದು ಕಂಪ್ಯೂಟರಿಗೆ ತಂಗಿ."

"ಕಂಪ್ಯೂಟರಿಗೆ ಕೊಡೂ ಮರ್ಯಾದೆನಾದ್ರೂ ಚೌಡಮ್ಮಂಗೆ ಕೊಡ್ಬೇಕಿತ್ತಲ್ಲ ನೀವಿಬ್ರೂ?"

ನಾಗಪತಿಯ ನಗು ಮುಗಿಯಿತು. ಎಣ್ಣೆಯ ಗಿಂಡಿ ಕೆಳಗಿಟ್ಟು, ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಸುತ್ತಿಕೊಂಡ.

"ಅಪ್ಪಾ, ತಪ್ಪುಕಾಣಿಕೆ ಇಡು" ಎಂದಳು ಕಾವ್ಯಶ್ರೀ.

ದೇವರ ಮಾತು ಮೀರಿದವರು ಮಾಡಿದ್ದನ್ನು ಬಾಯಿಬಿಟ್ಟು ಹೇಳಿ ಇಡುವ ಕಾಣಿಕೆ ಅದು. ಕೆರಿಯ ಜೀವಮಾನದಲ್ಲಿ ಹೆತ್ತ ತಾಯಿಗೆ, ಮಗಳಿಗೆ ತಪ್ಪಾಯ್ತು ಎಂದವನಲ್ಲ. ಆ ಮಾತು ಅವನ ಬಾಯಲ್ಲಿ ಇರಲೇ ಇಲ್ಲ. ಈಗ ಕಾಯಿ ಹಿಡಿದು ಮಂಡಿಯೂರಿದ. "ತಾಯೀ, ನೀ ಬೇಡ ಅಂದೆ. ನಾ ಕೇಳ್ಲಿಲ್ಲ. ನಂಗೆ ಬೇಕಾದ್ದು ನಿನ್ನ ಬಾಯಿಂದ ಹೇಳ್ಸಿದೆ. ಮಗಳಿಗೂ ಅದನ್ನೇ ಹೇಳ್ದೆ. ತಪ್ಪಾಯ್ತು." ಹಣೆ ಕಲ್ಲಿಗೆ ತಾಗಿತು. ನಾಗಪತಿಯೂ ಅವನ ಪಕ್ಕದಲ್ಲಿ ಅಡ್ಡಬಿದ್ದ. ಹೊನ್ನಜ್ಜಿ ಕೈ ಮುಗಿದು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು.

ಕಾವ್ಯಶ್ರೀ ಬಗ್ಗಲಿಲ್ಲ. ನೆಟ್ಟಗೆ ನಿಂತೇ ತಾಯಿಯನ್ನು ನೋಡಿದಳು. ದೀಪದ ಬೆಳಕು ಕಪ್ಪು ಕಲ್ಲಿನ ಮೇಲೆ ಅಲುಗಾಡುತ್ತಿತ್ತು. ನಾಳೆ ಹೋಗ್ತೇನೆ ಅಮ್ಮಾ, ಎಂದು ಮನಸ್ಸಿನಲ್ಲೇ ಹೇಳಿದಳು. ಕೇಳಲಿಲ್ಲ, ಹೇಳಿದಳು.

ಇಳಿಜಾರಿನ ದಾರಿಯಲ್ಲಿ ಅಜ್ಜಿಯ ಕೈ ಹಿಡಿದು ಅವಳು ಮುಂದೆ ನಡೆದರೆ, ಕೆರಿಯ ಹಿಂದೆ ಬರುತ್ತಿದ್ದ. ಗದ್ದೆಯ ಅಂಚಿಗೆ ಬಂದಾಗ ಕೆಮ್ಮಿದ.

"ಸಿಟ್ಟು ಇಳೀತಾ ಮಗಾ?"

"ಅಮ್ಮಂದು ಇಳ್ದಿರ್ಬಹುದು" ಎಂದಳು ತಿರುಗಿ ನೋಡದೆ. "ನಂದು ಇನ್ನೂ ಅದೆ."

ಮನೆಯ ಬೇಲಿಯ ದಣಪೆ ದಾಟುವಾಗ ಅವಳೇ ನಿಂತಳು.

"ಬೆಳಿಗ್ಗೆ ಶಿರಸಿ ಬಸ್ಸಿಗೆ ಎಬ್ಬಿಸು."

"ಯಾವ್ದಕ್ಕೆ? ಮೊದಲ್ನೇದಕ್ಕಾ?"

"ಮೊದಲ್ನೇದಕ್ಕೇ" ಎಂದಳು ಕಾವ್ಯಶ್ರೀ.