ನಾಲ್ಕನೇ ಹೊಲಿಗೆ

ಒಂದು ಹೊಲಿಗೆ ಸಾಕಾದ ಕಡೆ ನಾನು ನಾಲ್ಕು ಹಾಕುತ್ತಿದ್ದೆ. ಬಿಟ್ಟುಹೋದರೆ ಏನು ಗತಿ ಎಂಬ ಯೋಚನೆಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ನಮ್ಮದು ಬಟ್ಟೆ ಹೊಲಿಯುವ ಅಂಗಡಿ. ನಾನು, ನನ್ನ ತಂಗಿ, ಎರಡು ಮಿಷನ್ನು. ಕೆಲಸದಲ್ಲಿ ಅವಳು ನನಗಿಂತ ಒಂದು ಕೈ ಮೇಲು. ಆದರೂ ಅವಳು ಊಟಕ್ಕೆ ಎದ್ದರೆ ಸಾಕು, ಅವಳು ಹೊಲಿದದ್ದನ್ನು ಕದ್ದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಒಂದು ದಿನ ಪಕ್ಕದ ಮನೆ ನರ್ಸಕ್ಕನ ಮಗನ ಅಂಗಿ. ಎಡತೋಳು ಬಿಚ್ಚಿ ಹೊಲಿದು ಮುಗಿಸಿ ಬಲತೋಳಿಗೆ ಕೈ ಹಾಕುವಷ್ಟರಲ್ಲಿ ತಂಗಿ ವಾಪಸ್ ಬಂದು ನೋಡಿಬಿಟ್ಟಳು.

“ಅಕ್ಕಾ, ನನ್ನ ಕೈ ಮೇಲೆ ನಿಂಗೆ ನಂಬಿಕೆ ಇಲ್ವಾ?”

“ಹಾಗಲ್ವೇ, ಗಿರಾಕಿ ಬೈದ್ರೆ ಅಂತ...”

ಅವಳು ತನ್ನ ಕತ್ತರಿ ಎತ್ತಿಕೊಂಡು ಹೊರಟೇ ಹೋದಳು. ತಡೆಯಬೇಕಿತ್ತು. ನಾನು ಬಾಕಿ ಬಟ್ಟೆ ನೋಡುತ್ತ ಕೂತೆ.

ಅವಳ ಕೆಲಸವೂ ನನ್ನ ತಲೆಗೇ ಬಂತು. ಹೊತ್ತಿಲ್ಲದೆ ಎದೆ ಢವಢವ. ಎರಡು ತಿಂಗಳ ಮೇಲೆ ನರ್ಸಕ್ಕ ಅದೇ ಅಂಗಿ ಹಿಡಿದು ಬಂದಾಗ ಸೂಜಿಗೆ ದಾರ ಪೋಣಿಸಲಾಗದೆ ಅಳುತ್ತಿದ್ದೆ.

“ಡಾಕ್ಟರಿಗೆ ತೋರಿಸ್ಬಾರ್ದಾ?” ಎಂದರು.

“ಕೆಲಸ ಜಾಸ್ತಿ ಅಷ್ಟೇ. ನಂಗೇನು ಹುಚ್ಚಾ?”

“ಹುಚ್ಚು ಅಂದೋರ್ಯಾರು? ಇದು ಆತಂಕ ಇದ್ದಂಗಿದೆ. ಜ್ವರಕ್ಕೆ ಇರೋ ಹಾಗೆ ಇದಕ್ಕೂ ಔಷಧಿ, ಸಲಹೆ ಎಲ್ಲಾ ಇದೆ.”

“ಔಷಧಿ ತಗೊಂಡು ನಾನು ಮೈಮರೆತ್ರೆ ಹೊಲಿಗೆ ಬಿಟ್ಟುಹೋಗುತ್ತೆ ನರ್ಸಕ್ಕಾ!”

ಅವರು ಅಂಗಿ ಮುಂದಿಟ್ಟರು. ಎಡತೋಳು ಹರಿದಿತ್ತು. ದಾರ ಗಟ್ಟಿಯಾಗಿಯೇ ಇತ್ತು. ನಾಲ್ಕು ಸಲ ಚುಚ್ಚಿಸಿಕೊಂಡ ಬಟ್ಟೆಯೇ ಜಾಳಾಗಿ ಕಿತ್ತುಬಂದಿತ್ತು. ತಂಗಿ ಹೊಲಿದ ಬಲತೋಳಿಗೆ ಏನೂ ಆಗಿರಲಿಲ್ಲ.

ಮರುದಿನವೇ ಡಾಕ್ಟರ ಬಳಿ ಹೋದೆ. ಔಷಧಿಯ ಜೊತೆ ಒಂದು ಅಭ್ಯಾಸವನ್ನೂ ಹೇಳಿಕೊಟ್ಟರು: ದಿನಕ್ಕೊಂದು ಬಟ್ಟೆಯನ್ನು ಮತ್ತೆ ನೋಡದೆ ಕೊಟ್ಟುಬಿಡುವುದು. ಮೊದಲ ದಿನ ಅಂಗೈ ಬೆವರಿತು. ಒಮ್ಮೆ ಗುಂಡಿ ಬಿದ್ದೂ ಹೋಯಿತು. ಗಿರಾಕಿ ನಗುತ್ತ ಬಂದ, ಎರಡು ನಿಮಿಷದಲ್ಲಿ ಹಾಕಿಕೊಟ್ಟೆ. ಇಷ್ಟಕ್ಕೇ ಇಷ್ಟು ವರ್ಷ ಹೆದರಿದ್ದೆನೆ!

ತಂಗಿಯ ಬಳಿ ಹೋಗಿ ತಪ್ಪಾಯಿತೆಂದೆ. ಈಗ ಬೇರೆ ಅಂಗಡಿಯಲ್ಲಿದ್ದಾಳೆ. ನನ್ನ ಕಣ್ಣೊರೆಸಿದಳು, ಕಾಫಿ ಕೊಟ್ಟಳು.

“ವಾಪಸ್ ಬರ್ತೀಯೇನೇ?”

“ಇಲ್ಲಿ ನಾನು ಹೊಲಿದಿದ್ದನ್ನ ಯಾರೂ ಬಿಚ್ಚಲ್ಲ ಅಕ್ಕಾ.”

ಅವಳ ಮಿಷನ್ನು ಇನ್ನೂ ಖಾಲಿ ಇದೆ.

ನಿಮಗೂ ಎದೆ ಹೀಗೇ ಹೊಡೆದುಕೊಳ್ಳುತ್ತಿದ್ದರೆ ನಾಚಿಕೊಳ್ಳಬೇಡಿ, ಇವತ್ತೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮ್ಮವರು ಮಾಡಿದ ಒಂದು ಕೆಲಸವನ್ನಾದರೂ ಬಿಚ್ಚದೆ ಬಿಡಿ, ಅವರಿನ್ನೂ ನಿಮ್ಮ ಪಕ್ಕದಲ್ಲಿ ಕೂತಿರುವಾಗಲೇ.