ಒಂಬತ್ತು ಇಂಚಿನ ಗೋಡೆ

ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ನನ್ನ ಬಲಗೋಡೆಯೇ ಬೆರಿಲ್ ಟ್ಯಾಪ್‌ಸೆಲ್ಲಳ ಎಡಗೋಡೆ. ಮೂವತ್ತೊಂದು ವರ್ಷದಿಂದ ಅವಳ ಕೆಮ್ಮು ನನಗೆ ಕೇಳುತ್ತದೆ, ನನ್ನ ಬೈಗುಳ ಅವಳಿಗೆ ಕೇಳುತ್ತದೆ. ಇಬ್ಬರೂ ಏನೂ ಕೇಳಿಸದವರ ಹಾಗೆ ಇರುತ್ತೇವೆ. ಒಳ್ಳೆಯ ನೆರೆಮನೆಯವರು ಎನ್ನಿಸಿಕೊಳ್ಳಲು ನಮ್ಮಲ್ಲಿ ಅಷ್ಟು ಸಾಕು.

ನವೆಂಬರಿನಲ್ಲಿ ನನ್ನ ಗಂಡ ಕ್ಲೈವ್‌ಗೆ ಲಕ್ವ ಹೊಡೆದು ಎಡಗಾಲು ಬಿದ್ದುಹೋಯಿತು. ನಮ್ಮ ಕಕ್ಕಸು, ಬಚ್ಚಲು ಎರಡೂ ಮಹಡಿಯ ಮೇಲೆ. ಮೆಟ್ಟಿಲೋ, ಏಣಿಗಿಂತ ತುಸು ವಾಸಿ. ಆಸ್ಪತ್ರೆಯವರು ಅವನನ್ನು ಕುರ್ಚಿಯಲ್ಲಿ ಹೊತ್ತು ತಂದು ಮೇಲೆ ಮಲಗಿಸಿ ಹೋದರು. ಅಂದಿನಿಂದ ಅವನು ಕೆಳಗಿಳಿದಿಲ್ಲ. ಕಿಟಕಿಯಿಂದ ಹಿತ್ತಲು ಕಾಣುತ್ತದೆ, ಅವನು ಪ್ರತಿ ಬೇಸಿಗೆ ಟೊಮೇಟೊ ಬೆಳೆಯುತ್ತಿದ್ದ ಗಾಜಿನ ಮನೆ ಕಾಣುತ್ತದೆ.

"ಈ ಬೇಸಿಗೆಗೆ ಕೆಳಗಿರ್ತೀನಿ ಅಲ್ವಾ, ಗ್ಲೆಂಡಾ?" ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ.

"ಇರ್ತೀಯ" ಎಂದು ನಾಲ್ಕು ಸಲವೂ ಹೇಳುತ್ತಿದ್ದೆ.

ಅಡುಗೆಮನೆಯ ಹಿಂದೆ ಎರಡು ಮೀಟರ್ ಕಟ್ಟಿಸಿ ಒಂದು ಕಕ್ಕಸು, ಒಂದು ಸ್ನಾನದ ಮೂಲೆ ಮಾಡಿದರೆ ಕೆಳಗೆ ಮುಂಭಾಗದ ಕೋಣೆಯಲ್ಲಿ ಅವನ ಹಾಸಿಗೆ ಹಾಕಬಹುದಿತ್ತು. ಇಷ್ಟು ಚಿಕ್ಕದಕ್ಕೆ ಅನುಮತಿ ಬೇಡವೆಂದು ಪುರಸಭೆಯವರೂ ಹೇಳಿದರು. ಏಪ್ರಿಲಿನಲ್ಲಿ ಶುರು ಮಾಡುತ್ತೇನೆಂದ ಮೇಸ್ತ್ರಿ ಶಾನ್ ಮಾತ್ರ ನೆಲ ನೋಡಿ ತಲೆ ಕೆರೆದುಕೊಂಡ.

"ಪಕ್ಕದ ಮನೆಯವ್ರ ಒಪ್ಪಿಗೆ ಬರವಣಿಗೇಲಿ ಬೇಕು."

"ಒಂದು ಕಕ್ಕಸಿಗಾ?"

"ಕಕ್ಕಸು ಚಿಕ್ಕದೇ, ಗುಂಡಿ ಚಿಕ್ಕದಲ್ಲ. ಅವ್ರ ಗೋಡೆ ಪಕ್ಕದಲ್ಲೇ, ಅವ್ರ ತಳಪಾಯಕ್ಕಿಂತ ಆಳಕ್ಕೆ ಅಗೀಬೇಕು. ಈ ಹಳೇ ಮನೆಗಳಿಗೆ ತಳಪಾಯ ಅಂತ ಏನಿದೆ ಹೇಳಿ? ನೋಟಿಸು ಕೊಡಿ. ಹದಿನಾಲ್ಕು ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ತಕರಾರಿದೆ ಅಂತ್ಲೇ ಲೆಕ್ಕ. ಆಮೇಲೆ ಸರ್ವೇಯರು, ವರದಿ, ತಿಂಗಳುಗಟ್ಲೆ. ಅಷ್ಟು ದಿನ ಕಾಯೋಕೆ ನಂಗಾಗಲ್ಲ."

ಪಕ್ಕದ ಬಾಗಿಲು ತಟ್ಟಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಮುಖ ನೋಡಿ ಕೇಳಿದರೆ ಪಾಪ, ಇಲ್ಲ ಎನ್ನಲು ಅವಳಿಗೆ ದಾರಿಯೇ ಇರುವುದಿಲ್ಲ. ಹಾಗೆ ಇಕ್ಕಟ್ಟಿಗೆ ಸಿಕ್ಕಿಸುವುದು ನಮ್ಮ ಬೀದಿಯಲ್ಲಿ ಮರ್ಯಾದಸ್ಥರ ಕೆಲಸವಲ್ಲ. ಅದಕ್ಕೇ ನಾನು ನೋಟಿಸಿನ ನಮೂನೆ ತುಂಬಿ, ಲಕೋಟೆಗೆ ಹಾಕಿ, ಗುರುವಾರ ಬೆರಿಲ್ ಬಿಂಗೊ ಆಡಲು ಹೋಗುವುದನ್ನೇ ಕಾದು, ಅವಳ ಬಾಗಿಲಿನ ಕಿಂಡಿಯಲ್ಲಿ ತೂರಿಸಿ ಓಡಿಬಂದೆ. ಅರವತ್ತೆಂಟು ವರ್ಷದ ಹೆಂಗಸು, ಕಳ್ಳಿಯ ಹಾಗೆ ಓಡಿದೆ.

ಮರುದಿನ ಬೇಲಿಯ ಹತ್ತಿರ ಬಟ್ಟೆ ಹರವುತ್ತ ಸಿಕ್ಕಳು.

"ಗಾಳಿ ಜೋರಾಗಿದೆ" ಎಂದಳು.

"ಬಟ್ಟೆಗೆ ಒಳ್ಳೇದು" ಎಂದೆ.

ಅದರ ಮರುದಿನ ಮೋಡದ ವಿಷಯ. ಮೂರನೆಯ ದಿನ ಬಿಸಿಲು. ಕಾಗದದ ಬಗ್ಗೆ ಅವಳೂ ತುಟಿ ಬಿಚ್ಚಲಿಲ್ಲ, ನಾನೂ ಬಿಚ್ಚಲಿಲ್ಲ. ದಿನಾ ಅವಳಲ್ಲಿಗೆ ಟೀ ಕುಡಿಯಲು ಹೋಗುತ್ತಿದ್ದವಳು ಹೋಗುವುದನ್ನೂ ನಿಲ್ಲಿಸಿದೆ; ಕಾಗದ ಕೇಳಲು ಬಂದೆ ಎಂದುಕೊಂಡಾಳು ಅಂತ. ಹದಿನಾಲ್ಕು ದಿನ ಕಳೆಯಿತು. ನಾನು ಸುಳ್ಳು ಹೇಳಿ ಶಾನ್‌ನನ್ನು ಇನ್ನೂ ಹತ್ತು ದಿನ ಹಿಡಿದಿಟ್ಟೆ. ಆಮೇಲೆ ಅವನು ಬೇರೆ ಊರಿನ ಕೆಲಸ ಒಪ್ಪಿಕೊಂಡು, "ಇನ್ನು ಅಕ್ಟೋಬರೇ" ಎಂದು ಫೋನಿಟ್ಟ. ಅಷ್ಟೊತ್ತಿಗೆ ನಮ್ಮಲ್ಲಿ ಬೇಸಿಗೆ ಮುಗಿದು ಚಳಿ ಶುರುವಾಗಿರುತ್ತದೆ.

ಕ್ಲೈವ್‌ಗೆ ಹೇಳಲು ನನಗೆ ಧೈರ್ಯವಾಗಲಿಲ್ಲ. ಊಟದ ತಟ್ಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ, ಇಟ್ಟು ಇಳಿದುಬಿಡುತ್ತಿದ್ದೆ. ಅವನ ಕಾಲಿನಿಂದ ಅವನು ಸಿಕ್ಕಿಕೊಂಡಿದ್ದ, ನನ್ನ ಬಾಯಿಯಿಂದ ನಾನು. ಬೆರಿಲ್‌ಳ ರೇಡಿಯೊ ಅವನ ತಲೆದೆಸೆಯ ಗೋಡೆಯಾಚೆ ಹಾಡುವುದು ಕೇಳಿದರೆ ಅವಳ ಕತ್ತು ಹಿಸುಕಬೇಕು ಅನ್ನಿಸುತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಅವನು ಕಿಟಕಿಯಿಂದ ಖಾಲಿ ಗಾಜಿನ ಮನೆ ನೋಡಿ, "ಶಾನ್ ಬರಲ್ಲ ಅಲ್ವಾ?" ಎಂದು ಕೇಳಿದ. ಕೇಳಿ ಮಗುವಿನ ಹಾಗೆ ಅತ್ತುಬಿಟ್ಟ. ನಾನು ತಟ್ಟೆಯನ್ನು ನೆಲಕ್ಕೆ ಕುಕ್ಕಿದೆ.

"ಆ ಮುದುಕಿ ಒಂದು ಸಹಿ ಹಾಕಿದ್ರೆ ನೀನು ಇಷ್ಟೊತ್ತಿಗೆ ಹಿತ್ತಲಲ್ಲಿ ಇರ್ತಿದ್ದೆ!" ಎಂದು ಕಿರುಚಿದೆ.

ಗೋಡೆಯಾಚೆ ರೇಡಿಯೊ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತಟ್ಟಿದ ಸದ್ದು. ಇಳಿದು ತೆಗೆದರೆ ಬೆರಿಲ್, ಮನೆಯೊಳಗಿನ ಚಪ್ಪಲಿಯಲ್ಲೇ ನಿಂತಿದ್ದಳು. ಕೈಯಲ್ಲಿ ನನ್ನ ಲಕೋಟೆ.

"ಕೇಳಿಸ್ತು" ಎಂದಳು. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಅವಳು ಹೇಳಿದ್ದು ಅದೇ ಮೊದಲು.

ಕಾಗದ ಬಿಡಿಸಿದೆ. 'ಒಪ್ಪಿಗೆಯಿದೆ' ಎಂಬಲ್ಲಿ ಗುರುತು, ಕೆಳಗೆ ಅವಳ ಸಹಿ. ತಾರೀಕು ಮಾರ್ಚ್ ಆರು. ನಾನು ಓಡಿಬಂದ ಗುರುವಾರವೇ.

"ಅವತ್ತೇ ಹಾಕಿದ್ಯಾ? ಮತ್ತೆ ಯಾಕೆ ಕೊಡ್ಲಿಲ್ಲ?"

"ಹದಿನಾಲ್ಕು ದಿನದೊಳಗೆ ಸಹಿ ಹಾಕಿದ್ನಲ್ಲ, ಸಾಕು ಅಂದ್ಕೊಂಡೆ. ಟೀಗೆ ಬಂದಾಗ ಕೊಡೋಣ ಅಂತ ಗಡಿಯಾರದ ಹಿಂದೆ ಇಟ್ಟೆ. ನೀನು ಬರ್ಲೇ ಇಲ್ವಲ್ಲೇ." ಅವಳು ಕಾಗದದ ಮೊದಲ ಸಾಲಿಗೆ ಬೆರಳಿಟ್ಟಳು. "ಮೂವತ್ತೊಂದು ವರ್ಷ ನನ್ನ ಟೀ ಕುಡ್ದು, ಕಾಗದದಲ್ಲಿ ನನ್ನನ್ನ 'ಪಕ್ಕದ ಕಟ್ಟಡದ ಮಾಲೀಕರು' ಅಂತ ಬರೆದಿದ್ದೀಯಲ್ಲ, ಗ್ಲೆಂಡಾ. ಬಂದು ಒಂದು ಮಾತು ಕೇಳ್ಲಿ ಅಂತ ಕಾದೆ."

"ನೀನಾದ್ರೂ ಬೇಲಿ ಹತ್ರ ಹೇಳ್ಬಹುದಿತ್ತು!"

"ನೀನೇ ಮಾತೆತ್ತದೆ ನಾನು ಹೇಗೆ ಎತ್ತಲಿ?"

ಅವಳ ಗಡಿಯಾರವಿರುವುದು ಮಲಗುವ ಕೋಣೆಯಲ್ಲಿ, ನಡುಗೋಡೆಗೆ ಒರಗಿ. ಎರಡು ತಿಂಗಳು ಆ ಸಹಿ ಕ್ಲೈವ್‌ನ ದಿಂಬಿನಿಂದ ಒಂಬತ್ತು ಇಂಚು ದೂರದಲ್ಲಿತ್ತು. ಶಾನ್‌ಗೆ ಫೋನ್ ಮಾಡಿ ಅಂಗಲಾಚಿದೆ. ಅಕ್ಟೋಬರಿಗೆ ಮೊದಲು ಒಂದು ದಿನವೂ ಇಲ್ಲವೆಂದ. ಬೇರೆ ಮೇಸ್ತ್ರಿಗಳು ಇನ್ನೂ ಮುಂದಿನ ತಾರೀಕು ಹೇಳಿದರು.

ಕಾಗದವನ್ನು ಮೇಲೆ ಒಯ್ದು ಕ್ಲೈವ್‌ನ ಕೈಗೆ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಓಡಿಬಂದದ್ದನ್ನೂ ಹೇಳಿದೆ. ಅವನು ತಾರೀಕನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿದ.

"ಅಕ್ಟೋಬರಲ್ಲಿ ಟೊಮೇಟೊ ಇರುತ್ತಾ, ಗ್ಲೆಂಡಾ?"

ಇರುತ್ತೆ ಎನ್ನಲು ಬಾಯಿ ತೆರೆದೆ. ಅಭ್ಯಾಸಬಲ.

"ಇರಲ್ಲ, ಕ್ಲೈವ್" ಎಂದೆ.